ಒಂದೇ ಕೆರೆಗೆ ಎರಡು ಚಿತ್ರ: ಉಪಗ್ರಹ ಚಿತ್ರಸಂಗ್ರಹದಲ್ಲಿ ದ್ವಿಪ್ರತಿಗಳ ವಿವೇಚನೆ

ಜಾನಪದ ಕ್ಷೇತ್ರಕಾರ್ಯದ ಆಕರಗಳ ಸಾಲಿಗೆ ಧ್ವನಿಮುದ್ರಣ ಮತ್ತು ಛಾಯಾಚಿತ್ರಗಳ ಜೊತೆಯಲ್ಲಿ ಇಂದು ಉಪಗ್ರಹ ಚಿತ್ರವೂ ಸೇರಿದೆ. ಕೆರೆ, ಕಟ್ಟೆ, ಕುಂಟೆ, ದೇವರಕಾಡು, ಗೋಮಾಳ ಮೊದಲಾದ ನೆಲೆಗಳನ್ನು ಕುರಿತು ಜನರು ಹೇಳುವ ಸಂಗತಿಗಳನ್ನು ನೆಲದ ಸ್ಥಿತಿಯೊಂದಿಗೆ ಹೋಲಿಸಿ ನೋಡಲು ಈ ಚಿತ್ರಗಳು ನೆರವಾಗುತ್ತವೆ. ಯಾವ ವರ್ಷ ಕೆರೆ ಕೋಡಿ ಬಿತ್ತು, ಯಾವ ವರ್ಷ ಗಂಗಪೂಜೆ ನಡೆಯಲಿಲ್ಲ ಎಂಬ ಹಿರಿಯರ ನೆನಪಿಗೆ ಚಿತ್ರವು ಮತ್ತೊಂದು ಸಾಕ್ಷ್ಯವಾಗಿ ನಿಲ್ಲುತ್ತದೆ. ಆದರೆ ಸಾಕ್ಷ್ಯವೆಂದ ಮೇಲೆ ಅದನ್ನು ಪರೀಕ್ಷಿಸುವ ಹೊಣೆಯೂ ಸಂಶೋಧಕನ ಮೇಲಿರುತ್ತದೆ. ಒಬ್ಬನೇ ಸಾಕ್ಷಿಯ ಹೇಳಿಕೆಯನ್ನು ಎರಡು ಬಾರಿ ಬರೆದುಕೊಂಡು ಇಬ್ಬರು ಸಾಕ್ಷಿಗಳಿದ್ದಾರೆ ಎಂದು ತಿಳಿಯುವ ಅಪಾಯವು ಉಪಗ್ರಹ ಚಿತ್ರಗಳ ವಿಷಯದಲ್ಲಿ ಬಹಳ ಸುಲಭವಾಗಿ ಒದಗುತ್ತದೆ. ಅಂಚುಗಳು ಒಂದರ ಮೇಲೊಂದು ಬರುವ ಚಿತ್ರತುಂಡುಗಳಿಂದ ಹುಟ್ಟುವ ದ್ವಿಪ್ರತಿಗಳ ಸ್ವರೂಪವನ್ನೂ ಅವುಗಳನ್ನು ನಿರ್ವಹಿಸುವ ಕ್ರಮವನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಇಲ್ಲಿ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನೂ, ಅವುಗಳಲ್ಲಿ ಕೋಲಾರ ಸೀಮೆಯ ಕೆರೆಗಳು ಕಾಣಿಸಿಕೊಳ್ಳುವ ಬಗೆಯನ್ನೂ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

1. ಹೊದಿಕೆಯ ಅಂಚು

ಸೆಂಟಿನೆಲ್-2ಎ 2015ರ ಜೂನ್ ತಿಂಗಳಲ್ಲಿಯೂ, ಸೆಂಟಿನೆಲ್-2ಬಿ 2017ರ ಮಾರ್ಚ್ ತಿಂಗಳಲ್ಲಿಯೂ, ಸೆಂಟಿನೆಲ್-2ಸಿ 2024ರ ಸೆಪ್ಟೆಂಬರ್ ತಿಂಗಳಲ್ಲಿಯೂ ಉಡಾವಣೆಗೊಂಡವು. ಭೂಮಿಯಿಂದ 786 ಕಿ.ಮೀ. ಎತ್ತರದಲ್ಲಿ ಸುತ್ತುವ ಈ ಉಪಗ್ರಹವು ಒಂದು ಹಾಯುವಿಕೆಯಲ್ಲಿ 290 ಕಿ.ಮೀ. ಅಗಲದ ನೆಲದ ಪಟ್ಟಿಯನ್ನು ಚಿತ್ರಿಸುತ್ತದೆ. ಒಂದು ಉಪಗ್ರಹ ಅದೇ ಹಾದಿಗೆ ಮರಳಲು 10 ದಿನ ಬೇಕು. ಎರಡು ಉಪಗ್ರಹಗಳಿದ್ದರೆ 5 ದಿನಕ್ಕೊಮ್ಮೆ ಅದೇ ನೆಲದ ಚಿತ್ರ ದೊರೆಯುತ್ತದೆ. ಬಣ್ಣದ ಮುಖ್ಯ ಪಟ್ಟಿಗಳಲ್ಲಿ ಒಂದು ಪಿಕ್ಸೆಲ್ ನೆಲದ ಮೇಲಿನ 10 ಮೀಟರ್ ಚೌಕಕ್ಕೆ ಸಮ.

ಇಷ್ಟು ಉದ್ದಗಲದ ಪಟ್ಟಿಯನ್ನು ಹಾಗೆಯೇ ವಿತರಿಸುವುದು ಕಷ್ಟವಾದುದರಿಂದ ಅದನ್ನು ಚೌಕಾಕಾರದ ತುಂಡುಗಳಾಗಿ ಕತ್ತರಿಸಲಾಗುತ್ತದೆ. ಇವಕ್ಕೆ ಟೈಲ್ ಎಂದು ಹೆಸರು. ಪ್ರತಿ ಟೈಲಿಗೂ ನಿಗದಿಯಾದ ಗುರುತು ಇರುತ್ತದೆ; ಬೆಂಗಳೂರು ನಗರ ಬೀಳುವ ಟೈಲಿನ ಗುರುತು 43ಪಿಜಿಕ್ಯೂ. ಟೈಲ್ ಎಂಬ ಪದಕ್ಕೆ ಹಂಚು ಎಂಬ ಅರ್ಥವೂ ಇರುವುದು ಇಲ್ಲಿ ಉಪಯುಕ್ತವಾಗಿದೆ. ಮಾಡಿಗೆ ಹಂಚು ಹೊದಿಸುವಾಗ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಇಡುತ್ತಾರೆ. ಇಲ್ಲದಿದ್ದರೆ ಮಳೆ ಸೋರುತ್ತದೆ. ಈ ಟೈಲುಗಳ ಜೋಡಣೆಯೂ ಹಾಗೆಯೇ. ಟೈಲುಗಳನ್ನು ಸುಮಾರು 100 ಕಿ.ಮೀ.ಗೆ ಒಂದರಂತೆ ಜೋಡಿಸಲಾಗಿದೆ. ಆದರೆ ಪ್ರತಿ ಟೈಲಿನ ಬದಿಯ ಉದ್ದ 109.8 ಕಿ.ಮೀ., ಅಂದರೆ 10,980 ಪಿಕ್ಸೆಲ್. ಹೀಗಾಗಿ ನೆರೆಯ ಟೈಲುಗಳು ಸುಮಾರು 9.8 ಕಿ.ಮೀ. ಅಗಲದ ಪಟ್ಟಿಯನ್ನು ಹಂಚಿಕೊಳ್ಳುತ್ತವೆ. ಈ ಪಟ್ಟಿಯನ್ನು ಇಲ್ಲಿ ‘ಹೊದಿಕೆಯ ಅಂಚು’ ಎಂದು ಕರೆಯಲಾಗಿದೆ.

ಹೊದಿಕೆಯ ಅಂಚು ದೋಷವಲ್ಲ, ಉದ್ದೇಶಪೂರ್ವಕವಾದ ವ್ಯವಸ್ಥೆ. ಒಂದು ಟೈಲಿನ ಅಂಚಿನಲ್ಲಿ ತುಂಡಾಗುವ ಕೆರೆಯು 9.8 ಕಿ.ಮೀ.ಗಿಂತ ಚಿಕ್ಕದಾಗಿದ್ದರೆ ನೆರೆಯ ಟೈಲಿನಲ್ಲಿ ಇಡಿಯಾಗಿ ದೊರೆಯುತ್ತದೆ. ಆದರೆ ಅದೇ ಕಾರಣದಿಂದ ಅಂಚಿನ ನಡುವೆ ಇರುವ ಕೆರೆ ಎರಡೂ ಟೈಲುಗಳಲ್ಲಿ ಇಡಿಯಾಗಿ ಕಾಣುತ್ತದೆ. ನಾಲ್ಕು ಟೈಲುಗಳು ಕೂಡುವ ಮೂಲೆಯಲ್ಲಿದ್ದರೆ ನಾಲ್ಕರಲ್ಲಿಯೂ ಕಾಣುತ್ತದೆ. ಟೈಲಿನ ವಿಸ್ತೀರ್ಣ ಸುಮಾರು 12,056 ಚದರ ಕಿ.ಮೀ.; ಅದರ ಪಾಲಿಗೆ ನಿಜವಾಗಿ ಬರಬೇಕಾದುದು ಸುಮಾರು 10,000 ಚದರ ಕಿ.ಮೀ. ಆದ್ದರಿಂದ ಸಮನಾಗಿ ಹರಡಿದ 1,000 ಕೆರೆಗಳಿರುವ ವಿಶಾಲ ಸೀಮೆಯೊಂದರಲ್ಲಿ ಟೈಲುವಾರು ಎಣಿಸಿ ಮೊತ್ತ ಹಾಕಿದರೆ ಸುಮಾರು 1,200 ಕೆರೆಗಳು ಬರುತ್ತವೆ. ಇಲ್ಲದ ಇನ್ನೂರು ಕೆರೆಗಳು ಕೇವಲ ಚಿತ್ರಗಳ ಜೋಡಣೆಯಿಂದ ಹುಟ್ಟಿಕೊಳ್ಳುತ್ತವೆ.

2. ದ್ವಿಪ್ರತಿಯ ಬಗೆಗಳು

ಒಂದೇ ನೆಲಕ್ಕೆ ಒಂದಕ್ಕಿಂತ ಹೆಚ್ಚು ಚಿತ್ರಗಳು ದೊರೆಯುವುದಕ್ಕೆ ಹಲವು ಕಾರಣಗಳಿವೆ. ಅವೆಲ್ಲವನ್ನೂ ದ್ವಿಪ್ರತಿ ಎಂಬ ಒಂದೇ ಹೆಸರಿನಿಂದ ಕರೆಯುವುದು ಗೊಂದಲಕ್ಕೆ ಎಡೆಮಾಡುತ್ತದೆ.

ಮೊದಲನೆಯದು, ಈಗಾಗಲೇ ಹೇಳಿದ ಹೊದಿಕೆಯ ಅಂಚು. ಒಂದೇ ಹಾಯುವಿಕೆಯ ಚಿತ್ರವು ನೆರೆಯ ಟೈಲುಗಳೆರಡರಲ್ಲಿಯೂ ಸೇರಿರುತ್ತದೆ.

ಎರಡನೆಯದು, ಒಂದೇ ಚಿತ್ರದ ಬೇರೆ ಬೇರೆ ಸಂಸ್ಕರಣೆಗಳು. ವಾತಾವರಣದ ಪ್ರಭಾವವನ್ನು ಕಳೆಯದ ಪ್ರತಿ ಮತ್ತು ಕಳೆದ ಪ್ರತಿ ಎರಡೂ ವಿತರಣೆಯಲ್ಲಿರುತ್ತವೆ. ಇದಲ್ಲದೆ ಹಳೆಯ ಚಿತ್ರಗಳನ್ನು ಹೊಸ ಕ್ರಮದಲ್ಲಿ ಮತ್ತೆ ಸಂಸ್ಕರಿಸಿದಾಗ ಅದೇ ದಿನದ, ಅದೇ ಟೈಲಿನ ಇನ್ನೊಂದು ಪ್ರತಿ ಬರುತ್ತದೆ. ಇದು ನಿರುಪದ್ರವಿಯೇನಲ್ಲ. 2022ರ ಜನವರಿ 25ರಿಂದ ಜಾರಿಗೆ ಬಂದ ಸಂಸ್ಕರಣಾ ಕ್ರಮದಲ್ಲಿ ಪ್ರತಿ ಪಿಕ್ಸೆಲಿನ ಮೌಲ್ಯಕ್ಕೆ 1,000 ಸೇರಿಸಲಾಗುತ್ತದೆ. ಬಳಸುವವರು ಅದನ್ನು ಕಳೆದುಕೊಳ್ಳಬೇಕು. ನೀರನ್ನು ಗುರುತಿಸುವ ಸೂಚ್ಯಂಕವನ್ನು ಹಸಿರು ಮತ್ತು ಸಮೀಪ ಅತಿಗೆಂಪು ಮೌಲ್ಯಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ಪಡೆಯುತ್ತಾರೆ. ಹಸಿರು 800, ಅತಿಗೆಂಪು 400 ಇದ್ದರೆ ಸೂಚ್ಯಂಕ 0.33 ಆಗುತ್ತದೆ. ಅದೇ ಚಿತ್ರದ ಹೊಸ ಪ್ರತಿಯಲ್ಲಿ 1,800 ಮತ್ತು 1,400 ಇರುವುದರಿಂದ, 1,000 ಕಳೆಯದೆ ಲೆಕ್ಕ ಹಾಕಿದರೆ 0.125 ಮಾತ್ರ ಬರುತ್ತದೆ. ಸೂಚ್ಯಂಕ 0.2ಕ್ಕಿಂತ ಹೆಚ್ಚಿದ್ದರೆ ನೀರು ಎಂಬ ಮಿತಿಯನ್ನು ಇಟ್ಟುಕೊಂಡ ಸಂಶೋಧಕನಿಗೆ ಒಂದೇ ಕೆರೆ, ಒಂದೇ ಕ್ಷಣದಲ್ಲಿ, ಒಂದು ಪ್ರತಿಯಲ್ಲಿ ತುಂಬಿಯೂ ಇನ್ನೊಂದರಲ್ಲಿ ಬತ್ತಿಯೂ ತೋರುತ್ತದೆ.

ಮೂರನೆಯದು, ಒಂದೇ ಟೈಲಿನ ಒಂದೇ ದಿನದ ಚಿತ್ರವು ಎರಡು ಕಡತಗಳಾಗಿ ಒಡೆದು ಬರುವುದು. ಹೆಸರಿನಲ್ಲಿ ಇವು ಅವಳಿಗಳಂತೆ ತೋರಿದರೂ ಒಂದರಲ್ಲಿ ಟೈಲಿನ ಒಂದು ಭಾಗ, ಇನ್ನೊಂದರಲ್ಲಿ ಉಳಿದ ಭಾಗ ಇರುತ್ತದೆ. ಇಂಥಲ್ಲಿ ಒಂದನ್ನು ದ್ವಿಪ್ರತಿಯೆಂದು ತೆಗೆದುಹಾಕಿದರೆ ಅರ್ಧ ಚಿತ್ರವನ್ನು ಕಳೆದುಕೊಂಡಂತಾಗುತ್ತದೆ.

ನಾಲ್ಕನೆಯದು, ನೆರೆಯ ಹಾದಿಗಳಲ್ಲಿ ಉಪಗ್ರಹ ಹಾಯುವಾಗ ಪಟ್ಟಿಗಳ ಅಂಚಿನಲ್ಲಿ ಒಂದೇ ನೆಲ ಎರಡು ಬಾರಿ ಚಿತ್ರಿತವಾಗುವುದು. ಇವು ಕೆಲವು ದಿನಗಳ ಅಂತರದಲ್ಲಿ, ಬೇರೆ ಕೋನಗಳಿಂದ ತೆಗೆದ ಚಿತ್ರಗಳು. ಸ್ಥಳ ಒಂದೇ, ಟೈಲೂ ಒಂದೇ. ಆದರೂ ಇವು ದ್ವಿಪ್ರತಿಗಳಲ್ಲ.

3. ಪಾಠಾಂತರ ಮತ್ತು ದ್ವಿಪ್ರತಿ

ಯಾವುದನ್ನು ದ್ವಿಪ್ರತಿ ಎನ್ನಬೇಕು ಎಂಬ ಪ್ರಶ್ನೆಗೆ ಜಾನಪದ ಸಂಗ್ರಹದ ಅನುಭವವು ಸ್ಪಷ್ಟವಾದ ಉತ್ತರವನ್ನು ಒದಗಿಸುತ್ತದೆ. ಒಬ್ಬ ಕಥೆಗಾರ್ತಿ ಹೇಳಿದ ಕಥೆಯನ್ನು ಇಬ್ಬರು ಸಂಗ್ರಾಹಕರು ಒಂದೇ ಹೊತ್ತಿನಲ್ಲಿ ಎರಡು ಯಂತ್ರಗಳಲ್ಲಿ ಮುದ್ರಿಸಿಕೊಂಡರೆ ಭಂಡಾರಕ್ಕೆ ಎರಡು ಧ್ವನಿಮುದ್ರಿಕೆಗಳು ಬರುತ್ತವೆ. ಒಂದರಲ್ಲಿ ಧ್ವನಿ ಸ್ಪಷ್ಟವಾಗಿರಬಹುದು, ಇನ್ನೊಂದರಲ್ಲಿ ಗಾಳಿಯ ಸದ್ದು ಸೇರಿರಬಹುದು. ಆದರೂ ಪಠ್ಯ ಒಂದೇ. ಅದೇ ಕಥೆಗಾರ್ತಿ ಮರುದಿನ ಅದೇ ಕಥೆಯನ್ನು ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಹೇಳಿದರೆ ಅದು ಬೇರೊಂದು ಪಠ್ಯ. ಹೋಲಿಕೆಯ ಪ್ರಮಾಣ ಇಲ್ಲಿ ನಿರ್ಣಾಯಕವಲ್ಲ; ಹೇಳಿಕೆಯ ಸಂದರ್ಭ ಒಂದೇ ಅಥವಾ ಬೇರೆಯೇ ಎಂಬುದೇ ನಿರ್ಣಾಯಕ. ಮೊದಲನೆಯದನ್ನು ಎರಡು ಪಠ್ಯಗಳೆಂದು ಎಣಿಸುವುದೂ, ಎರಡನೆಯದನ್ನು ಪುನರಾವೃತ್ತಿಯೆಂದು ಬಿಡುವುದೂ ಸಮಾನವಾದ ತಪ್ಪುಗಳು.

ಉಪಗ್ರಹ ಚಿತ್ರಗಳಿಗೂ ಇದೇ ಮಾನದಂಡ ಅನ್ವಯಿಸುತ್ತದೆ. ಒಂದು ಹಾಯುವಿಕೆಯಲ್ಲಿ ನಡೆದ ವೀಕ್ಷಣೆಯೇ ಒಂದು ಸಂದರ್ಭ. ಅದರಿಂದ ಎಷ್ಟು ಟೈಲುಗಳು, ಎಷ್ಟು ಸಂಸ್ಕರಣೆಗಳು ಹುಟ್ಟಿದರೂ ಒಂದು ಕೆರೆಯ ಪಾಲಿಗೆ ಅದು ಒಂದೇ ಸಾಕ್ಷ್ಯ. ಐದು ದಿನಗಳ ನಂತರದ ಚಿತ್ರವು ಕಣ್ಣಿಗೆ ಎಷ್ಟೇ ಒಂದೇ ತೆರನಾಗಿ ಕಂಡರೂ ಅದು ಬೇರೆ ಸಾಕ್ಷ್ಯ. ಬದಲಾಗದಿರುವುದೂ ಒಂದು ಮಾಹಿತಿಯೇ: ಕೆರೆಯ ನೀರು ಐದು ದಿನವಾದರೂ ಇಳಿದಿಲ್ಲ ಎಂಬುದನ್ನು ಅದು ತಿಳಿಸುತ್ತದೆ. ಚಿತ್ರಗಳ ಹೋಲಿಕೆಯನ್ನು ಮಾತ್ರ ಅಳೆದು ದ್ವಿಪ್ರತಿಗಳನ್ನು ತೆಗೆಯುವ ಗಣಕಕ್ರಮಗಳು ಈ ಭೇದವನ್ನು ಅರಿಯಲಾರವು. ಮೋಡವಿಲ್ಲದ ಬೇಸಿಗೆಯ ಎರಡು ದಿನಗಳ ಚಿತ್ರಗಳನ್ನು ಅವು ಒಂದೇ ಎನ್ನಬಹುದು; ಒಂದೇ ಕ್ಷಣದ ಎರಡು ಸಂಸ್ಕರಣೆಗಳನ್ನು ಬೇರೆ ಎನ್ನಬಹುದು.

ಹೆಸರನ್ನು ಮಾತ್ರ ನಂಬುವುದೂ ಸಲ್ಲದು. ದೊಡ್ಡಕೆರೆ, ಹೊಸಕೆರೆ ಎಂಬ ಹೆಸರಿನ ಕೆರೆಗಳು ಊರೂರಿಗೂ ಇವೆ. ಹಾಗೆಯೇ ಒಂದೇ ಕೆರೆಯನ್ನು ಏರಿಯ ಕೆಳಗಿನ ಊರಿನವರು ಒಂದು ಹೆಸರಿನಿಂದಲೂ ಹಿನ್ನೀರಿನ ಊರಿನವರು ಇನ್ನೊಂದು ಹೆಸರಿನಿಂದಲೂ ಕರೆಯುವುದುಂಟು. ಕಡತದ ಹೆಸರುಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಆದರೆ ಸೆಂಟಿನೆಲ್-2ರ ಕಡತದ ಹೆಸರನ್ನು ಬಿಡಿಸಿ ಓದಿದರೆ ಬೇಕಾದ ಮಾಹಿತಿ ಅದರಲ್ಲಿಯೇ ಸಿಗುತ್ತದೆ. ಉಪಗ್ರಹದ ಗುರುತು, ವೀಕ್ಷಣೆ ಆರಂಭವಾದ ದಿನಾಂಕ ಮತ್ತು ವೇಳೆ, ಸಂಸ್ಕರಣಾ ಕ್ರಮದ ಸಂಖ್ಯೆ, 143 ಹಾದಿಗಳಲ್ಲಿ ಯಾವುದು ಎಂಬ ಸಂಖ್ಯೆ, ಟೈಲಿನ ಗುರುತು, ಕೊನೆಯಲ್ಲಿ ಕಡತಗಳನ್ನು ಪ್ರತ್ಯೇಕಿಸುವ ಇನ್ನೊಂದು ಕಾಲಸೂಚಿ - ಇವು ಕ್ರಮವಾಗಿ ಇರುತ್ತವೆ. ವೀಕ್ಷಣೆ ಆರಂಭವಾದ ವೇಳೆಯು ಆ ಹಾಯುವಿಕೆಯ ಎಲ್ಲ ಟೈಲುಗಳಿಗೂ ಒಂದೇ ಆಗಿರುವುದರಿಂದ, ಉಪಗ್ರಹ, ವೇಳೆ ಮತ್ತು ಹಾದಿ ಈ ಮೂರು ಹೊಂದಿದರೆ ಅವು ಒಂದೇ ವೀಕ್ಷಣೆಗೆ ಸೇರಿದವು ಎಂದು ನಿರ್ಧರಿಸಬಹುದು.

4. ಕೋಲಾರ ಸೀಮೆಯ ವಿಶೇಷ ಸಮಸ್ಯೆ

ಈ ಟೈಲುಗಳು ಯುಟಿಎಂ ಎಂಬ ನಕ್ಷಾಪದ್ಧತಿಯನ್ನು ಅನುಸರಿಸುತ್ತವೆ. ಅದರಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ವಿಂಗಡಿಸಲಾಗಿದೆ. ಪೂರ್ವ ರೇಖಾಂಶ 72ರಿಂದ 78ರವರೆಗೆ 43ನೆಯ ವಲಯ. 78ರಿಂದ 84ರವರೆಗೆ 44ನೆಯದು. ಕರ್ನಾಟಕದ ಬಹುಭಾಗ 43ನೆಯ ವಲಯದಲ್ಲಿದೆ. ಆದರೆ 78ನೆಯ ರೇಖಾಂಶವು ಮಾಲೂರು ಮತ್ತು ಕೋಲಾರ ಪಟ್ಟಣಗಳ ನಡುವೆ ಹಾದುಹೋಗುತ್ತದೆ. ಮಾಲೂರು ಪಶ್ಚಿಮಕ್ಕೆ ಉಳಿದರೆ ಕೋಲಾರ, ಬಂಗಾರಪೇಟೆ, ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಪಟ್ಟಣಗಳು ಪೂರ್ವಕ್ಕೆ ಬೀಳುತ್ತವೆ. ನಾಡಿನಲ್ಲಿಯೇ ಕೆರೆಗಳು ದಟ್ಟವಾಗಿರುವ ಸೀಮೆಯೊಂದರ ನಡುವೆ ಹೀಗೆ ನಕ್ಷೆಯ ವಲಯಗಳ ಗಡಿ ಹಾದುಹೋಗಿರುವುದು ಗಮನಾರ್ಹ.

ಒಂದೇ ವಲಯದ ಟೈಲುಗಳಲ್ಲಿ ಪಿಕ್ಸೆಲಿನ ಜಾಲ ಒಂದಕ್ಕೊಂದು ಸರಿಯಾಗಿ ಕೂಡುತ್ತದೆ. ಆದ್ದರಿಂದ ಹೊದಿಕೆಯ ಅಂಚಿನಲ್ಲಿ ಪಿಕ್ಸೆಲಿಗೆ ಪಿಕ್ಸೆಲ್ ಹೋಲಿಸಿ ನೋಡಲು ಸಾಧ್ಯ. ವಲಯಗಳ ಗಡಿಯಲ್ಲಿ ಇದು ಸಾಧ್ಯವಾಗದು. 43ನೆಯ ವಲಯವು 75ನೆಯ ರೇಖಾಂಶವನ್ನೂ 44ನೆಯದು 81ನೆಯ ರೇಖಾಂಶವನ್ನೂ ಮಧ್ಯರೇಖೆಯಾಗಿ ಇಟ್ಟುಕೊಂಡಿರುವುದರಿಂದ, ಕೋಲಾರದ ಅಕ್ಷಾಂಶದಲ್ಲಿ ಎರಡು ಜಾಲಗಳ ನಡುವೆ 1.3 ಡಿಗ್ರಿಗಿಂತ ತುಸು ಹೆಚ್ಚಿನ ಓರೆ ಇರುತ್ತದೆ. 10 ಕಿ.ಮೀ. ಸಾಗುವಷ್ಟರಲ್ಲಿ ಒಂದು ಜಾಲದ ಗೆರೆ ಇನ್ನೊಂದರಿಂದ 230 ಮೀಟರಿನಷ್ಟು ಸರಿದಿರುತ್ತದೆ. ಪರಿಣಾಮವಾಗಿ ಒಂದೇ ವೀಕ್ಷಣೆಯಲ್ಲಿ ಕಂಡ ಒಂದೇ ಕುಂಟೆ ಎರಡು ವಲಯಗಳ ಟೈಲುಗಳಲ್ಲಿ ಬೇರೆ ಬೇರೆ ಆಕೃತಿಯನ್ನು ತಾಳುತ್ತದೆ. 30 ಮೀಟರ್ ಚೌಕದ ಕುಂಟೆ ಒಂದರಲ್ಲಿ 9 ಪಿಕ್ಸೆಲ್ ಆದರೆ ಇನ್ನೊಂದರಲ್ಲಿ 7 ಅಥವಾ 11 ಆಗಬಹುದು. ಕಡತಗಳನ್ನು ಯಾಂತ್ರಿಕವಾಗಿ ಹೋಲಿಸಿದರೆ ಇವು ದ್ವಿಪ್ರತಿಗಳೆಂದು ತಿಳಿಯುವುದೇ ಇಲ್ಲ.

ಈ ಸೀಮೆಯಲ್ಲಿ ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಇಲ್ಲಿನ ಕೆರೆಗಳು ಸರಪಳಿಯಂತೆ ಕಟ್ಟಲ್ಪಟ್ಟಿವೆ. ಮೇಲಿನ ಕೆರೆಯ ಕೋಡಿ ಹರಿದ ನೀರು ಕೆಳಗಿನ ಕೆರೆಯನ್ನು ಸೇರುತ್ತದೆ. ಮಳೆ ಚೆನ್ನಾದ ವರ್ಷ ಕೆಳಗಿನ ಕೆರೆಯ ಹಿನ್ನೀರು ಮೇಲಿನ ಕೆರೆಯ ಏರಿಯ ಸಮೀಪಕ್ಕೆ ಬರುತ್ತದೆ. ಹತ್ತಿರ ಇರುವ ಆಕೃತಿಗಳೆಲ್ಲ ಒಂದೇ ಎಂಬ ಸಡಿಲವಾದ ನಿಯಮವನ್ನು ಅನುಸರಿಸಿದರೆ ಎರಡು ಕೆರೆಗಳು ಒಂದಾಗಿ ಕೂಡಿಹೋಗುತ್ತವೆ. ಪ್ರತಿ ಕೆರೆಗೂ ತನ್ನದೇ ಏರಿ, ತೂಬು, ಅಚ್ಚುಕಟ್ಟು, ನೀರುಗಂಟಿಯ ಪರಂಪರೆ, ಗಂಗಮ್ಮನ ನೆಲೆ, ಕಟ್ಟಿಸಿದವರ ಕಥೆ ಇರುವಾಗ, ಪಟ್ಟಿಯಿಂದ ಒಂದು ಕೆರೆ ಅಳಿದರೆ ಅದಕ್ಕೆ ಸಂಬಂಧಿಸಿದ ಮೌಖಿಕ ಪರಂಪರೆಗೂ ದಾಖಲೆಯಲ್ಲಿ ಆಸರೆ ಇಲ್ಲದಂತಾಗುತ್ತದೆ.

5. ನಿರ್ವಹಣೆಯ ಕ್ರಮ

ಮೇಲಿನ ವಿವೇಚನೆಯ ಹಿನ್ನೆಲೆಯಲ್ಲಿ ಕೆಳಗಿನ ಕ್ರಮವನ್ನು ಅನುಸರಿಸಬಹುದು.

ಅ) ಮೊದಲು ಸಂಗ್ರಹದಲ್ಲಿರುವ ಎಲ್ಲ ಕಡತಗಳ ಪಟ್ಟಿ ತಯಾರಿಸಿ ಉಪಗ್ರಹ, ವೇಳೆ ಮತ್ತು ಹಾದಿಯ ಆಧಾರದ ಮೇಲೆ ವೀಕ್ಷಣೆಗಳಾಗಿ ಗುಂಪು ಮಾಡಬೇಕು. ಇದಕ್ಕೆ ಚಿತ್ರಗಳನ್ನು ತೆರೆಯುವ ಅಗತ್ಯವೂ ಇಲ್ಲ.

ಆ) ಒಂದೇ ಟೈಲಿಗೆ ಹಲವು ಸಂಸ್ಕರಣೆಗಳಿದ್ದರೆ ಒಂದನ್ನು ಆರಿಸಬೇಕು. ಸಾಮಾನ್ಯವಾಗಿ ಹೊಸದೇ ಉತ್ತಮ. ಆದರೆ ಹೊಸತಿಗಿಂತ ಏಕರೂಪತೆ ಮುಖ್ಯ: ಇಡೀ ಅಧ್ಯಯನದ ಅವಧಿಗೆ ಸಾಧ್ಯವಾದಷ್ಟೂ ಒಂದೇ ಕ್ರಮದ ಪ್ರತಿಗಳಿರಬೇಕು, ಸೇರಿಸಿದ ಮೌಲ್ಯವನ್ನು ಕಳೆದಿರಬೇಕು.

ಇ) ಸಂಸ್ಕರಣೆಯೂ ಒಂದೇ ಆಗಿದ್ದು ಕಡತ ಎರಡಿದ್ದರೆ, ಅವು ತುಂಬಿರುವ ನೆಲವನ್ನು ನೋಡಬೇಕು. ಒಂದೇ ನೆಲವಾದರೆ ಒಂದು ಸಾಕು. ಒಂದನ್ನೊಂದು ಪೂರೈಸುವಂತಿದ್ದರೆ ಎರಡನ್ನೂ ಕೂಡಿಸಬೇಕು.

ಈ) ಹೊದಿಕೆಯ ಅಂಚಿನ ನೆಲವನ್ನು ಒಂದು ಟೈಲಿಗೆ ವಹಿಸಿಕೊಡಬೇಕು. ಗ್ರಾಮಗಳ ಎಲ್ಲೆಕಲ್ಲಿನಂತೆ ಇದು ಒಂದು ಸಲ ನಿರ್ಧಾರವಾದ ಮೇಲೆ ಬದಲಾಗಬಾರದು. ಕೆರೆಯ ಕೇಂದ್ರಬಿಂದು ಯಾವ ಟೈಲಿನ ಪಾಲಿನ ಚೌಕದೊಳಗೆ ಬೀಳುತ್ತದೆಯೋ ಆ ಟೈಲಿಗೆ ಕೆರೆ ಸೇರುತ್ತದೆ. ಕೇಂದ್ರವು ಗೆರೆಯ ಮೇಲೆಯೇ ಬಿದ್ದರೆ ಪಶ್ಚಿಮ ಮತ್ತು ದಕ್ಷಿಣದ ಗೆರೆಗಳು ಚೌಕಕ್ಕೆ ಸೇರಿದವು, ಪೂರ್ವ ಮತ್ತು ಉತ್ತರದವು ಸೇರಿದವಲ್ಲ ಎಂಬ ನಿಯಮದಿಂದ ಯಾವ ಕೆರೆಯೂ ಎರಡು ಸಲ ಬಾರದಂತೆ, ಯಾವುದೂ ಬಿಟ್ಟುಹೋಗದಂತೆ ನೋಡಿಕೊಳ್ಳಬಹುದು. ಈ ಕೇಂದ್ರವನ್ನು ಅಂದಂದಿನ ನೀರಿನ ಆಕೃತಿಯಿಂದ ಪಡೆಯಬಾರದು. ನೀರು ಇಳಿದಂತೆ ಅದು ಏರಿಯತ್ತ ಸರಿಯುತ್ತದೆ. ಪೂರ್ಣ ತುಂಬಿದ ಕೆರೆಯ ಎಲ್ಲೆಯಿಂದ ಒಮ್ಮೆ ಪಡೆದು ಸ್ಥಿರವಾಗಿ ಇಟ್ಟುಕೊಳ್ಳುವುದು ಸೂಕ್ತ.

ಉ) ವಲಯಗಳ ಗಡಿಯಲ್ಲಿ 78ನೆಯ ರೇಖಾಂಶವನ್ನೇ ಎಲ್ಲೆಯಾಗಿ ಇಟ್ಟುಕೊಂಡು ಪಶ್ಚಿಮದ ಕೆರೆಗಳನ್ನು 43ರ ಟೈಲುಗಳಿಂದಲೂ ಪೂರ್ವದವನ್ನು 44ರ ಟೈಲುಗಳಿಂದಲೂ ಗುರುತಿಸುವುದು ಒಂದು ಮಾರ್ಗ. ಆಮೇಲೆ ಕೆರೆಗಳ ಎಲ್ಲೆಗಳನ್ನು ಮಾತ್ರ ಒಂದೇ ನಕ್ಷಾಪದ್ಧತಿಗೆ ತರಬೇಕು. ಚಿತ್ರವನ್ನೇ ಮತ್ತೆ ಮತ್ತೆ ಬೇರೆ ಜಾಲಕ್ಕೆ ಇಳಿಸಿದರೆ ಪ್ರತಿ ಸಲವೂ ಅಂಚುಗಳು ಸವೆಯುತ್ತವೆ.

ಊ) ಎರಡು ಆಕೃತಿಗಳು ಒಂದೇ ಕೆರೆಯವೇ ಎಂಬ ಸಂದೇಹ ಉಳಿದರೆ, ಅವು ಹಂಚಿಕೊಂಡ ಭಾಗವನ್ನು ಎರಡೂ ಸೇರಿ ಆವರಿಸಿದ ಒಟ್ಟು ಭಾಗದಿಂದ ಭಾಗಿಸಿ ನೋಡಬೇಕು. ಫಲಿತಾಂಶ ಅರ್ಧಕ್ಕಿಂತ ಹೆಚ್ಚಿದ್ದರೆ ಒಂದೇ ಎನ್ನುವುದು ರೂಢಿ. ಸರಪಳಿಯ ಎರಡು ಕೆರೆಗಳು ಎಷ್ಟೇ ಹತ್ತಿರವಿದ್ದರೂ ನೆಲವನ್ನು ಹಂಚಿಕೊಳ್ಳುವುದಿಲ್ಲವಾದ್ದರಿಂದ ಈ ಅಳತೆಯಲ್ಲಿ ಬೇರೆಯಾಗಿಯೇ ಉಳಿಯುತ್ತವೆ. ಕೆಲವೇ ಪಿಕ್ಸೆಲ್‌ಗಳ ಕುಂಟೆಗಳಿಗೆ ಈ ಅಳತೆ ಸಾಲದು. ಅಲ್ಲಿ ಸ್ಥಳದ ಭೇಟಿಯೇ ಪ್ರಮಾಣ.

ಋ) ಕೈಬಿಟ್ಟ ಕಡತಗಳನ್ನು ಅಳಿಸುವ ಮುನ್ನ ಅವುಗಳ ಹೆಸರನ್ನೂ ಕೈಬಿಟ್ಟ ಕಾರಣವನ್ನೂ ದಾಖಲಿಸಬೇಕು. ವಾತಾವರಣದ ಪರಿಷ್ಕರಣೆ ಟೈಲುವಾರು ನಡೆಯುವುದರಿಂದ ನೆರೆಯ ಟೈಲುಗಳಲ್ಲಿ ಚಿಕ್ಕ ವ್ಯತ್ಯಾಸಗಳಿರುತ್ತವೆ. ಯಾವ ಟೈಲನ್ನು ಉಳಿಸಿಕೊಳ್ಳಲಾಯಿತು ಎಂಬುದು ಮುಂದಿನ ಸಂಶೋಧಕನಿಗೆ ತಿಳಿಯಬೇಕು. ಚಿತ್ರಗಳನ್ನು ಸಂಗ್ರಹಿಸಿಡುವ ಗ್ರಂಥಾಲಯಗಳು ಈ ಪಟ್ಟಿಯನ್ನು ಚಿತ್ರಗಳಷ್ಟೇ ಜತನದಿಂದ ಕಾಪಾಡುವುದು ಅಗತ್ಯ.

6. ಎಣಿಕೆಯ ಮೇಲಿನ ಪರಿಣಾಮ

ದ್ವಿಪ್ರತಿಗಳು ಎಲ್ಲ ಬಗೆಯ ಲೆಕ್ಕವನ್ನೂ ಒಂದೇ ರೀತಿಯಲ್ಲಿ ಕೆಡಿಸುವುದಿಲ್ಲ. ‘ಈ ಕೆರೆಯಲ್ಲಿ ಆ ವರ್ಷ ಒಮ್ಮೆಯಾದರೂ ನೀರು ಕಂಡಿತೇ’ ಎಂಬ ಪ್ರಶ್ನೆಗೆ ಒಂದು ಚಿತ್ರವಿದ್ದರೂ ಅದರ ಎರಡು ಪ್ರತಿಗಳಿದ್ದರೂ ಉತ್ತರ ಒಂದೇ. ‘ಎಷ್ಟು ಪಾಲು ದಿನಗಳಲ್ಲಿ ನೀರಿತ್ತು’ ಎಂಬಲ್ಲಿ ತೊಡಕು ಆರಂಭವಾಗುತ್ತದೆ. ಒಂದು ಕೆರೆಯನ್ನು 10 ದಿನಗಳಲ್ಲಿ ವೀಕ್ಷಿಸಲಾಗಿದೆ, ಮಳೆಗಾಲದ ನಂತರದ 4 ದಿನಗಳಲ್ಲಿ ಮಾತ್ರ ನೀರಿತ್ತು ಎಂದು ಭಾವಿಸೋಣ. ಪಾಲು ಶೇಕಡ 40. ಆ 4 ದಿನಗಳಿಗೆ ಎರಡೆರಡು ಟೈಲುಗಳು ಸಂಗ್ರಹದಲ್ಲಿದ್ದು ಬೇಸಿಗೆಯ 6 ದಿನಗಳಿಗೆ ಒಂದೊಂದೇ ಇದ್ದರೆ ಲೆಕ್ಕವು 14ರಲ್ಲಿ 8, ಅಂದರೆ ಶೇಕಡ 57 ಆಗುತ್ತದೆ. ಎಲ್ಲ ದಿನಗಳಿಗೂ ಎರಡೆರಡು ಇದ್ದರೆ ಪಾಲು ಶೇಕಡ 40 ಆಗಿಯೇ ಉಳಿಯುತ್ತದೆ. ಆದರೆ 10 ವೀಕ್ಷಣೆಗಳ ಬಲವಿರುವ ಮಾತಿಗೆ 20 ವೀಕ್ಷಣೆಗಳ ಬಲವಿದೆಯೆಂಬ ಹುಸಿ ಭರವಸೆ ಹುಟ್ಟುತ್ತದೆ.

ಕೋಲಾರದಲ್ಲಿ ಇದು ಕೇವಲ ಲೆಕ್ಕದ ಮಾತಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಈ ಜಿಲ್ಲೆಯ ಕೆರೆಗಳಿಗೆ ಹರಿಸುವ ಕಾರ್ಯ 2018ರಲ್ಲಿ ಆರಂಭವಾಯಿತು. ಅದರ ಹಿಂದಿನ ಮತ್ತು ಮುಂದಿನ ವರ್ಷಗಳನ್ನು ಹೋಲಿಸಲು ಹೊರಟವರು, ಸೆಂಟಿನೆಲ್-2ಬಿ ಸೇರಿದ್ದು 2017ರಲ್ಲಿ ಎಂಬುದನ್ನು ಮರೆಯಬಾರದು. ಮೋಡದ ಮಾತನ್ನು ಬಿಟ್ಟರೆ ಒಂದು ಹಾದಿಯಲ್ಲಿ ವರ್ಷಕ್ಕೆ ಸುಮಾರು 36 ಇದ್ದ ವೀಕ್ಷಣೆಗಳು 73ರಷ್ಟಾದವು. ಇವು ನಿಜವಾದ ವೀಕ್ಷಣೆಗಳು, ದ್ವಿಪ್ರತಿಗಳಲ್ಲ, ತೆಗೆದುಹಾಕುವಂಥವೂ ಅಲ್ಲ. ಆದರೆ ‘ನೀರು ಕಂಡ ಸಲ’ಗಳನ್ನು ಮಾತ್ರ ಎಣಿಸಿದರೆ ಕೆರೆಗೆ ಹನಿ ನೀರು ಹೆಚ್ಚು ಬಾರದಿದ್ದರೂ ಸಂಖ್ಯೆ ಇಮ್ಮಡಿಯಾಗುತ್ತದೆ. ಅದರ ಮೇಲೆ ಹೊದಿಕೆಯ ಅಂಚಿನ ದ್ವಿಪ್ರತಿಗಳೂ ಸೇರಿದರೆ, ಆ ಕೆರೆ ಆಗ ಬತ್ತಿತ್ತೆಂದು ಹೇಳುವ ಹಿರಿಯರ ಮಾತು ಸುಳ್ಳೆಂದು ಸಾರುವಷ್ಟು ದೊಡ್ಡ ಸಂಖ್ಯೆ ಕೈಗೆ ಬರಬಹುದು. ಮೌಖಿಕ ಸಾಕ್ಷ್ಯವನ್ನು ತಪ್ಪೆಂದು ಹೇಳುವ ಮುನ್ನ ಸಂಖ್ಯೆಯ ಮೂಲವನ್ನು ಪರೀಕ್ಷಿಸುವುದು ಸಂಶೋಧನೆಯ ಮೊದಲ ಕರ್ತವ್ಯವಾಗಿದೆ.

ಗಣಕಕ್ಕೆ ಕೆರೆಗಳನ್ನು ಗುರುತಿಸಲು ಕಲಿಸುವ ಪ್ರಯತ್ನಗಳಲ್ಲಿಯೂ ಈ ಎಚ್ಚರ ಅಗತ್ಯ. ಕಲಿಸಲು ಬಳಸಿದ ಚಿತ್ರಗಳು ಒಂದು ಟೈಲಿನವು, ಪರೀಕ್ಷಿಸಲು ಬಳಸಿದವು ನೆರೆಯ ಟೈಲಿನವು ಎಂದರೂ ಹೊದಿಕೆಯ ಅಂಚಿನ ಕೆರೆಗಳು ಎರಡೂ ಕಡೆ ಇರುತ್ತವೆ. ಪಾಠದಲ್ಲಿ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೇಳಿದಂತೆ ಇದು. ಬರುವ ಅಂಕ ಜಾಣ್ಮೆಯದಲ್ಲ, ನೆನಪಿನದು. ಆದ್ದರಿಂದ ವಿಂಗಡಣೆಯನ್ನು ಟೈಲುವಾರು ಮಾಡದೆ ಕೆರೆವಾರು, ಅಥವಾ ಇನ್ನೂ ಉತ್ತಮವಾಗಿ ಸರಪಳಿವಾರು ಮಾಡಬೇಕು.

7. ಸಮಾರೋಪ

ಒಟ್ಟಿನಲ್ಲಿ ದ್ವಿಪ್ರತಿಗಳ ನಿರ್ವಹಣೆಯೆಂದರೆ ಹೆಚ್ಚಿನ ಕಡತಗಳನ್ನು ಅಳಿಸಿ ಗಣಕದಲ್ಲಿ ಸ್ಥಳ ಉಳಿಸುವ ಕೆಲಸವಷ್ಟೇ ಅಲ್ಲ. ಯಾವುದು ಒಂದು ಸಾಕ್ಷ್ಯ, ಯಾವುದು ಎರಡು ಎಂಬುದನ್ನು ಮೂಲದಿಂದ ನಿರ್ಣಯಿಸುವ ಪಠ್ಯಪರಿಷ್ಕರಣೆಯ ಕೆಲಸವೇ ಇದು. ಕಡತಗಳ ಗುಂಪು ಮಾಡುವುದು, ಎಲ್ಲೆ ಹಾಕುವುದು, ಕೈಬಿಟ್ಟದ್ದನ್ನು ದಾಖಲಿಸುವುದು - ಇವುಗಳಿಗೆ ದುಬಾರಿ ಸಲಕರಣೆಗಳು ಬೇಕಿಲ್ಲ. ಸೆಂಟಿನೆಲ್-2ರ ಚಿತ್ರಗಳು ಎಲ್ಲರಿಗೂ ಉಚಿತವಾಗಿ ಲಭ್ಯವಿವೆ. ಕೆರೆಗಳ ಪಟ್ಟಿಯನ್ನು ಸಿದ್ಧಪಡಿಸುವವರು ಅದಕ್ಕೆ ಮುನ್ನ ತಮ್ಮ ಚಿತ್ರಗಳ ಪಟ್ಟಿಯನ್ನು ಸಿದ್ಧಪಡಿಸಿದರೆ, ಇಲ್ಲದ ಕೆರೆ ಹುಟ್ಟುವುದನ್ನೂ ಇರುವ ಕೆರೆ ಅಳಿಯುವುದನ್ನೂ ಬಹುಮಟ್ಟಿಗೆ ತಡೆಯಬಹುದಾಗಿದೆ.